ಎಷ್ಟರಲ್ಲಿ ಎಷ್ಟು? ಕೆಲಸದ ಜೊತೆಗೆ ಆನ್‌ಲೈನ್‌ನಲ್ಲಿ ಎಪಿಡೆಮಿಯಾಲಜಿ ಓದುವ ಬೆಂಗಳೂರು

2024ರ ಜುಲೈ. ರಾಜಾಜಿನಗರದ ಕಡೆ ನಾನು ಕೆಲಸ ಮಾಡುವ ಲ್ಯಾಬ್‌ನಲ್ಲಿ ಸೋಮವಾರ ಬೆಳಿಗ್ಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಡೆಂಗಿ ಹೆಚ್ಚುಕಮ್ಮಿ ಡಬಲ್ ಆಗಿದೆ. ಹಿಂದಿನ ವಾರ 17 ಪಾಸಿಟಿವ್ ಬಂದಿತ್ತು, ಈ ವಾರ 31. ರಿಜಿಸ್ಟರ್ ನೋಡಿ ಎಣಿಸಿ ಕೊಟ್ಟಿದ್ದೂ ನಾನೇ, ಎಣಿಕೆಯಲ್ಲಿ ತಪ್ಪಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಆ ಮಾತು ವಾಟ್ಸ್ಯಾಪ್ ಹತ್ತಿ ಸುತ್ತಮುತ್ತಲಿನ ಅಪಾರ್ಟ್‌ಮೆಂಟ್ ಗುಂಪುಗಳನ್ನೂ ಮುಟ್ಟಿತ್ತು.

ಊರಿನ ರೋಗದ ಲೆಕ್ಕ ಹಿಡಿಯುವ ಶಾಸ್ತ್ರವಾದ ಎಪಿಡೆಮಿಯಾಲಜಿಯ ಒಂದು ಆನ್‌ಲೈನ್ ಕೋರ್ಸ್‌ಗೆ ನಾನು ಸೇರಿ ಆಗ ಮೂರು ವಾರವಾಗಿತ್ತು. ಆ ರಾತ್ರಿ ಬಿಡಿಸಬೇಕಿದ್ದ ಪ್ರಶ್ನೆ ಇಷ್ಟೇ: ರೋಗ ಹೆಚ್ಚಾಗಿದೆ ಎನ್ನುವ ಮೊದಲು ಏನನ್ನು ಕೇಳಬೇಕು? ಮರುದಿನ ಬೆಳಿಗ್ಗೆ ಮತ್ತೆ ರಿಜಿಸ್ಟರ್ ತೆಗೆದೆ. ಹಿಂದಿನ ವಾರ ಪರೀಕ್ಷೆ ಮಾಡಿಸಿಕೊಂಡವರು 110 ಜನ. ಈ ವಾರ 240. ನೂರಕ್ಕೆ ಹದಿನೈದರ ಮೇಲಿದ್ದ ಪಾಸಿಟಿವ್ ಪ್ರಮಾಣ ಹದಿಮೂರಕ್ಕೆ ಇಳಿದಿತ್ತು. ಪರೀಕ್ಷೆಗೆ ಜನ ಏಕೆ ಹೆಚ್ಚಾದರು ಅನ್ನುವುದಕ್ಕೂ ಕಾರಣ ಕಣ್ಣೆದುರೇ ಇತ್ತು. ಆ ತಿಂಗಳಲ್ಲೇ ರಾಜ್ಯ ಸರ್ಕಾರ ಡೆಂಗಿ ಪರೀಕ್ಷೆಗೆ ದರದ ಮಿತಿ ಹಾಕಿತ್ತು: ಎಲೈಸಾ ಪರೀಕ್ಷೆಗೆ 300 ರೂಪಾಯಿ, ರ‍್ಯಾಪಿಡ್ ಕಾರ್ಡ್‌ಗೆ 250. ದುಡ್ಡಿಗೆ ಹೆದರಿ ಮನೆಯಲ್ಲೇ ಇದ್ದವರು ಹೊರಗೆ ಬಂದರು. ಟೀವಿ ನೋಡಿ ಗಾಬರಿಯಾದವರೂ ಬಂದರು.

ಹಾಗಂತ ಡೆಂಗಿ ಇಳಿಯಿತು ಎಂದೂ ಹೇಳುವಂತಿರಲಿಲ್ಲ. ನಮ್ಮ ಲ್ಯಾಬ್‌ಗೆ ಬಂದವರು ಬೆಂಗಳೂರಿನ ಜನ ಅಲ್ಲ, ಬೆಂಗಳೂರಿನಲ್ಲಿ ನಮ್ಮ ಲ್ಯಾಬ್‌ಗೆ ಬಂದ ಜನ. ಈ ವ್ಯತ್ಯಾಸ ತಲೆಗೆ ಇಳಿದ ದಿನ, ಹನ್ನೊಂದು ವರ್ಷದಿಂದ ದಿನವೂ ತುಂಬುತ್ತಿದ್ದ ರಿಜಿಸ್ಟರ್ ನನಗೆ ಬೇರೆಯೇ ಆಗಿ ಕಂಡಿತು. ಎಷ್ಟು ಎಂದು ಕೇಳುವುದನ್ನು ಎಲ್ಲರೂ ಬಲ್ಲರು. ಎಷ್ಟರಲ್ಲಿ ಎಷ್ಟು ಎಂದು ಕೇಳುವುದೇ ಈ ಶಾಸ್ತ್ರ.

ಕನ್ನಡದಲ್ಲಿ ಇದಕ್ಕೆ ಸಾಂಕ್ರಾಮಿಕ ರೋಗಶಾಸ್ತ್ರ ಎನ್ನುವ ಹೆಸರು ಚಾಲ್ತಿಗೆ ಬಂದಿದೆ. ಆ ಹೆಸರು ಅರ್ಧ ಮಾತ್ರ ಸರಿ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರ್‌ಗೂ ಇರುವ ನಂಟನ್ನು 1950ರಲ್ಲಿ ಬ್ರಿಟಿಷ್ ಸಂಶೋಧಕರಾದ ಡಾಲ್ ಮತ್ತು ಹಿಲ್ ಲಂಡನ್ನಿನ ಆಸ್ಪತ್ರೆಗಳಲ್ಲಿ ತೋರಿಸಿಕೊಟ್ಟದ್ದು ಇದೇ ಶಾಸ್ತ್ರದಿಂದ, ಅದರಲ್ಲಿ ಅಂಟುವ ರೋಗ ಯಾವುದೂ ಇಲ್ಲ. ನಿಮ್ಹಾನ್ಸ್‌ನ ಎಪಿಡೆಮಿಯಾಲಜಿ ವಿಭಾಗ ರಸ್ತೆ ಅಪಘಾತ, ಆತ್ಮಹತ್ಯೆ, ಮಾನಸಿಕ ಕಾಯಿಲೆಗಳನ್ನು ಎಣಿಸುತ್ತದೆ. ಯಾರಿಗೆ, ಎಲ್ಲಿ, ಯಾವಾಗ, ಏಕೆ ಅನ್ನುವ ನಾಲ್ಕು ಪ್ರಶ್ನೆಗಳನ್ನು ಒಬ್ಬ ರೋಗಿಗಲ್ಲ, ಒಂದು ಊರಿಗೆ ಕೇಳುವುದು ಇದರ ಕೆಲಸ. ಹಾಗಾಗಿ ಈ ಲೇಖನದಲ್ಲಿ ಎಪಿಡೆಮಿಯಾಲಜಿ ಎಂದೇ ಬರೆಯುತ್ತಿದ್ದೇನೆ.

ಕೋವಿಡ್ ನಂತರ ಬೆಂಗಳೂರಿನಲ್ಲಿ ಇದನ್ನು ಓದುವವರು ಎಲ್ಲ ಕಡೆ ಸಿಗುತ್ತಾರೆ. ಪಾಸಿಟಿವಿಟಿ ರೇಟ್ ಎಂಬ ಮಾತು ಆಟೊ ಚಾಲಕರ ಬಾಯಲ್ಲೂ ಓಡಾಡಿದ ಎರಡು ವರ್ಷ ಕೋವಿಡ್ ಕಾಲದ್ದು. ನನ್ನ ಜೊತೆಗೆ ಓದಿದವರಲ್ಲಿ ನರ್ಸ್‌ಗಳಿದ್ದರು, ದಂತವೈದ್ಯರಿದ್ದರು, ಔಷಧಗಳ ಅಡ್ಡಪರಿಣಾಮದ ವರದಿ ಪರಿಶೀಲಿಸುವ ಕಂಪನಿಗಳ ಫಾರ್ಮಸಿ ಪದವೀಧರರಿದ್ದರು, ವೈಟ್‌ಫೀಲ್ಡ್ ಕಡೆಯ ಡೇಟಾ ಎಂಜಿನಿಯರ್‌ಗಳಿದ್ದರು. ಪ್ರತಿಯೊಬ್ಬರೂ ತಮ್ಮ ಉದ್ಯೋಗದ ಒಂದು ಕುರುಡನ್ನು ಹೊತ್ತುಕೊಂಡೇ ಬಂದಿರುತ್ತಾರೆ. ಆಸ್ಪತ್ರೆಯವರಿಗೆ ತಮ್ಮ ಬಾಗಿಲಿಗೆ ಬಂದದ್ದೇ ರೋಗದ ಪೂರ್ಣರೂಪ. ಎಂಜಿನಿಯರ್‌ಗಳಿಗೆ ಡೇಟಾ ಅಂದರೆ ಆಗಲೇ ಫೈಲಿನಲ್ಲಿ ಬಂದು ಕೂತಿರುವ ವಸ್ತು. ಅದನ್ನು ಯಾರೋ ಬಿಸಿಲಲ್ಲಿ ನಡೆದು ಬರೆದುಕೊಂಡು ಬಂದಿದ್ದಾರೆ, ಬರೆಯುವಾಗ ಏನನ್ನೋ ಬಿಟ್ಟಿದ್ದಾರೆ ಅನ್ನುವುದು ಹೊಳೆಯುವುದಿಲ್ಲ. ನಮ್ಮಂಥ ಲ್ಯಾಬ್‌ನವರಿಗೆ ಪಾಸಿಟಿವ್ ಅಂದರೆ ರೋಗ, ನೆಗೆಟಿವ್ ಅಂದರೆ ಇಲ್ಲ.

ಈ ಮೂರನೆಯ ಕುರುಡನ್ನು ಆನ್‌ಲೈನ್ ಪಾಠ ಚೆನ್ನಾಗಿಯೇ ಕಳೆಯುತ್ತದೆ, ಏಕೆಂದರೆ ಅದು ಬರೀ ಅಂಕಗಣಿತ. ಹಳೆಯ ಬಿಲ್ಲಿನ ಹಿಂಬದಿಯಲ್ಲಿ ನಾಲ್ಕು ಚೌಕ ಹಾಕಿಕೊಂಡರೆ ಸಾಕು. ಒಂದು ಕಾರ್ಡ್ ಪರೀಕ್ಷೆ ಇದೆ ಎಂದುಕೊಳ್ಳಿ. ರೋಗ ಇರುವ 100 ಜನರಲ್ಲಿ 90 ಜನರನ್ನು ಹಿಡಿಯುತ್ತದೆ, ರೋಗ ಇಲ್ಲದ 100ರಲ್ಲಿ 95 ಜನರಿಗೆ ಇಲ್ಲ ಎಂದು ಸರಿಯಾಗಿ ಹೇಳುತ್ತದೆ. ಕೇಳಲು ಒಳ್ಳೆಯ ಪರೀಕ್ಷೆಯೇ. ಬೇಸಿಗೆಯಲ್ಲಿ, ಜ್ವರ ಎಂದು ಬಂದ 1000 ಜನರಲ್ಲಿ ನಿಜವಾಗಿ ಡೆಂಗಿ ಇರುವವರು 20 ಮಾತ್ರ ಎನ್ನೋಣ. ಆ 20ರಲ್ಲಿ 18 ಜನ ಪಾಸಿಟಿವ್ ಬರುತ್ತಾರೆ. ಉಳಿದ 980 ಜನರಲ್ಲಿ ನೂರಕ್ಕೆ ಐದರಂತೆ 49 ಜನ ಸುಮ್ಮಸುಮ್ಮನೆ ಪಾಸಿಟಿವ್ ಬರುತ್ತಾರೆ. ಒಟ್ಟು 67 ಪಾಸಿಟಿವ್, ಅದರಲ್ಲಿ ನಿಜವಾದದ್ದು 18. ಅಂದರೆ ಕಾಲು ಭಾಗದ ಮೇಲೆ ಸ್ವಲ್ಪ. ಅದೇ ಪರೀಕ್ಷೆ, ಅದೇ ಕಾರ್ಡ್, ಮಳೆಗಾಲದಲ್ಲಿ 1000 ಜನರಲ್ಲಿ 200 ಜನಕ್ಕೆ ಡೆಂಗಿ ಇದ್ದರೆ 220 ಪಾಸಿಟಿವ್ ಬಂದು ಅದರಲ್ಲಿ 180 ನಿಜವಾಗುತ್ತದೆ. ಕಾರ್ಡ್ ಬದಲಾಗಲಿಲ್ಲ, ಊರು ಬದಲಾಯಿತು. ಈ ಲೆಕ್ಕ ಮಾಡಿದ ಮೇಲೆ ಮಾರ್ಚ್‌ನಲ್ಲಿ ಬಂದ ಒಂಟಿ ಪಾಸಿಟಿವ್ ವರದಿಗೆ ಸಹಿ ಹಾಕುವಾಗ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ.

ಇನ್ಸಿಡೆನ್ಸ್ ಮತ್ತು ಪ್ರಿವಲೆನ್ಸ್ ಎಂಬ ಎರಡು ಪದಗಳಲ್ಲಿ ಬಹಳ ಮಂದಿ ಎಡವುತ್ತಾರೆ. ಬೆಂಗಳೂರಿನವರಿಗೆ ಅದನ್ನು ಹೇಳಿಕೊಡಲು ಸಂಪ್ ಸಾಕು. ಪೈಪಿನಿಂದ ಹೊಸದಾಗಿ ಬೀಳುವ ಕಾವೇರಿ ನೀರು ಇನ್ಸಿಡೆನ್ಸ್, ಅಂದರೆ ಹೊಸ ರೋಗಿಗಳು. ಈ ಹೊತ್ತಿಗೆ ಸಂಪಿನಲ್ಲಿ ನಿಂತಿರುವ ನೀರು ಪ್ರಿವಲೆನ್ಸ್, ಅಂದರೆ ಈಗ ರೋಗ ಇರುವವರೆಲ್ಲ. ಮೋಟರ್ ಹಾಕಿದರೆ ಖಾಲಿಯಾಗುತ್ತದೆ: ಗುಣವಾಗಿ ಹೋಗುವವರು, ಸತ್ತು ಹೋಗುವವರು. ಸಕ್ಕರೆ ಕಾಯಿಲೆಗೆ ಒಳ್ಳೆಯ ಔಷಧ ಬಂದು ಜನ ಹೆಚ್ಚು ವರ್ಷ ಬದುಕಿದರೆ ಸಂಪಿನ ಮಟ್ಟ ಏರುತ್ತದೆ. ಅದು ಕೆಟ್ಟ ಸುದ್ದಿ ಅಲ್ಲ. ಪತ್ರಿಕೆಯ ತಲೆಬರಹ ಮಾತ್ರ ಕೆಟ್ಟ ಸುದ್ದಿಯಂತೆಯೇ ಬರುತ್ತದೆ.

ಹೊತ್ತಿನ ಮಾತು. ವಾರಕ್ಕೆ ಎಂಟು ಹತ್ತು ಗಂಟೆ ಬೇಕೇ ಬೇಕು, ಎರಡು ಗಂಟೆಯಲ್ಲಿ ಆಗುತ್ತದೆ ಎಂದು ಹೇಳುವ ಜಾಹೀರಾತನ್ನು ನಂಬಬೇಡಿ. ನೇರಳೆ ಮಾರ್ಗದ ಮೆಟ್ರೊದಲ್ಲಿ ಹೋಗುತ್ತ ಬರುತ್ತ ಪಾಠ ಕೇಳಬಹುದು, ಎಷ್ಟೋ ಜನ ಕೇಳುತ್ತಾರೆ. ಆದರೆ ಮೆಟ್ರೊದಲ್ಲಿ ಕೇಳಿದ್ದು ಕಿವಿಯಲ್ಲಿ ಉಳಿಯುತ್ತದೆ, ಕೈಗೆ ಇಳಿಯುವುದಿಲ್ಲ. ಮಕ್ಕಳು ಮಲಗಿದ ಮೇಲೆ ಪೆನ್ನು ಹಿಡಿದು ಕೂತ ಒಂದೂವರೆ ಗಂಟೆಯೇ ನಿಜವಾದ ಓದು. ನಿಮ್ಮ ಅನುಕೂಲಕ್ಕೆ ತಕ್ಕಂತೆ ಯಾವಾಗ ಬೇಕಾದರೂ ಮುಗಿಸಿ ಎನ್ನುವ ಕೋರ್ಸ್‌ಗಿಂತ ಭಾನುವಾರ ರಾತ್ರಿ ಗಡುವು ಇಟ್ಟಿರುವ ಕೋರ್ಸ್ ದುಡಿಯುವವರಿಗೆ ಒಳ್ಳೆಯದು ಎನ್ನುವುದು ನನ್ನ ಅನುಭವ. ಅನುಕೂಲದ ದಿನ ಈ ಊರಿನಲ್ಲಿ ಬರುವುದೇ ಇಲ್ಲ. ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಎಂಬ ಉಚಿತ ಸಾಫ್ಟ್‌ವೇರ್ ಕಲಿಯಲು ಹಳೆಯ ಲ್ಯಾಪ್‌ಟಾಪ್ ಸಾಕು.

ತೆರೆಯ ಮೇಲೆ ಕಲಿಸಲು ಆಗದ್ದು ಏನು ಅನ್ನುವುದಕ್ಕೆ ಲಂಡನ್ನಿನ ವೈದ್ಯ ಜಾನ್ ಸ್ನೋ ಅವರ ಕಥೆಯನ್ನೇ ತೆಗೆದುಕೊಳ್ಳೋಣ. ಪ್ರತಿ ಕೋರ್ಸ್‌ನ ಮೊದಲ ಪಾಠ ಅದು. 1854ರ ಲಂಡನ್, ನೀರಿನಿಂದ ಹರಡಿದ ಕಾಲರಾ, ಬ್ರಾಡ್ ಸ್ಟ್ರೀಟ್‌ನ ಪಂಪು, ಸಾವುಗಳನ್ನು ಗುರುತು ಹಾಕಿದ ನಕ್ಷೆ, ಕೊನೆಗೆ ಆ ನೀರು ಯಾರೂ ಕುಡಿಯದಂತೆ ಪಂಪಿನ ಹಿಡಿ ಕಳಚಿದ್ದು. ಹಿಡಿ ಕಳಚುವ ಹೊತ್ತಿಗೆ ಕಾಲರಾ ಆಗಲೇ ಇಳಿಮುಖವಾಗಿತ್ತು ಎಂದು ಸ್ನೋ ಅವರೇ ಬರೆದಿದ್ದಾರೆ. ಅವರ ನಿಜವಾದ ದುಡಿಮೆ ಅದೇ ವರ್ಷ ಥೇಮ್ಸ್ ನದಿಯ ದಕ್ಷಿಣಕ್ಕೆ ನಡೆದದ್ದು. ಅಲ್ಲಿ ಒಂದೇ ಬೀದಿಯ ಮನೆಗಳಿಗೆ ಎರಡು ಕಂಪನಿಗಳು ನೀರು ಕೊಡುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ನೀರೆತ್ತುವ ಜಾಗವನ್ನು ಊರಿನ ಕೊಳಚೆ ಸೇರುವ ಮೊದಲಿನ ಮೇಲ್ಭಾಗಕ್ಕೆ ಬದಲಾಯಿಸಿತ್ತು. ಸೌತ್‌ವಾರ್ಕ್ ಅಂಡ್ ವಾಕ್ಸಾಲ್ ಕಂಪನಿ ಬದಲಾಯಿಸಿರಲಿಲ್ಲ. ಸತ್ತವರ ಮನೆಗೆ ಯಾವ ಕಂಪನಿಯ ನೀರು ಬರುತ್ತಿತ್ತು ಎಂದು ಸ್ನೋ ಬಾಗಿಲಿಂದ ಬಾಗಿಲಿಗೆ ಹೋಗಿ ಕೇಳಿದರು. ಬಾಡಿಗೆದಾರರಿಗೆ ಕಂಪನಿಯ ಹೆಸರು ಗೊತ್ತಿರಲಿಲ್ಲ, ನೀರಿನ ತೆರಿಗೆ ಕಟ್ಟುತ್ತಿದ್ದವರು ಮನೆ ಮಾಲೀಕರು. ಆಗ ಅವರು ಆ ಮನೆಯ ನೀರನ್ನು ಸಣ್ಣ ಸೀಸೆಯಲ್ಲಿ ಹಿಡಿದು, ಬೆಳ್ಳಿಯ ಲವಣ ಹಾಕಿ ಉಪ್ಪಿನ ಅಂಶ ನೋಡಿ, ಯಾವ ಕಂಪನಿ ಎಂದು ಪತ್ತೆ ಮಾಡಿದರು. ಲ್ಯಾಬ್‌ನಲ್ಲಿ ಇರುವ ನನಗೆ ನಕ್ಷೆಗಿಂತ ಆ ಸೀಸೆಯೇ ದೊಡ್ಡದು.

ಫಲಿತಾಂಶ ಹೀಗಿತ್ತು: ಸೌತ್‌ವಾರ್ಕ್ ಕಂಪನಿಯ ಪ್ರತಿ 10,000 ಮನೆಗಳಿಗೆ 315 ಸಾವು, ಲ್ಯಾಂಬೆತ್‌ನ ಪ್ರತಿ 10,000 ಮನೆಗಳಿಗೆ 37. ಸತ್ತವರ ಲೆಕ್ಕ ಸರ್ಕಾರದ ಪಟ್ಟಿಯಲ್ಲಿ ಎಲ್ಲರಿಗೂ ಸಿಗುತ್ತಿತ್ತು. ಆ ಸಾವುಗಳನ್ನು ಯಾವ ಕಂಪನಿಯ ಮನೆಗಳ ಲೆಕ್ಕಕ್ಕೆ ಹಾಕಬೇಕು ಅನ್ನುವುದು ಕಾಲ್ನಡಿಗೆಯಿಂದ ಮಾತ್ರ ಸಿಕ್ಕಿತು. ಇನ್ನೊಂದು ಮಾತು. ಸ್ನೋ ಅವರ ಹೊಟ್ಟೆಪಾಡಿನ ಕಸುಬು ಇದಾಗಿರಲಿಲ್ಲ. ಅವರು ಅರಿವಳಿಕೆ ಕೊಡುವ ವೈದ್ಯರು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟವರು ಅವರೇ. ಕಾಲರಾದ ಹಿಂದೆ ಬಿದ್ದದ್ದು ಕೆಲಸದ ನಡುವೆ ಹೊತ್ತು ಮಾಡಿಕೊಂಡು. ಕೆಲಸದಲ್ಲಿದ್ದುಕೊಂಡು ಓದುವುದು ಎರಡನೇ ದರ್ಜೆಯ ಓದು ಎಂದು ಯಾರಾದರೂ ಅಂದಾಗ ನನಗೆ ನೆನಪಾಗುವುದು ಇದು.

ಲಂಡನ್ನಿನವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಲ್ಲಿ ಶುರುವಾದದ್ದು. 1960ರ ದಶಕದ ಮೊದಲಲ್ಲಿ ಅಲ್ಲಿನವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೆ ಮನೆ ಸಮೀಕ್ಷೆ ಮಾಡಿದರು. ಹಳ್ಳಿಯವರಿಗೆ ಅರಿವಿಲ್ಲ, ಕ್ಷಯ ಇದ್ದರೂ ಅವರು ಆಸ್ಪತ್ರೆಗೆ ಬರುವುದಿಲ್ಲ, ವ್ಯಾನ್ ತೆಗೆದುಕೊಂಡು ನಾವೇ ಹೋಗಿ ಹುಡುಕಬೇಕು ಎನ್ನುವುದು ಆಗಿನ ತಿಳಿವಳಿಕೆ. ಸಮಾಜವಿಜ್ಞಾನಿ ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ರೋಗಿಗಳ ಜೊತೆಯೇ ಕೂತು ಮಾತಾಡಿದರು. ಹೆಚ್ಚಿನವರಿಗೆ ತಮ್ಮ ಕೆಮ್ಮು, ಜ್ವರ ಗೊತ್ತಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಬಂದಿದ್ದರು, ಅಲ್ಲಿ ಕೆಮ್ಮಿನ ಔಷಧ ಕೊಟ್ಟು ಕಳಿಸಿದ್ದರು. ಜನ ಬರುತ್ತಿಲ್ಲ ಎಂದಲ್ಲ, ಬಂದವರನ್ನು ಯಾರೂ ನೋಡುತ್ತಿಲ್ಲ. ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಆಗಬೇಕು ಎನ್ನುವ ನೀತಿಯ ಬೆನ್ನಿಗೆ ನಿಂತದ್ದು ಈ ಕೆಲಸ. ಮಹಾನಗರಗಳ ಕೋರ್ಸ್‌ಗಳಲ್ಲಿ ಲಂಡನ್ನಿನ ಪಂಪಿಗೆ ಬೇಕಾದಷ್ಟು ಜಾಗ ಸಿಗುತ್ತದೆ. ನಾನು ಓದಿದ ಕೋರ್ಸ್‌ನಲ್ಲಿ ತುಮಕೂರಿಗೆ ಒಂದು ಸಾಲೂ ಇರಲಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಭಾಗಿಸುವ ಸಂಖ್ಯೆಯ, ಅಂದರೆ ‘ಎಷ್ಟರಲ್ಲಿ’ ಎಂಬುದರ ವಿಷಯಕ್ಕೆ ಬಂದರೆ ಬೆಂಗಳೂರಿನಷ್ಟು ಕಷ್ಟದ ಊರು ಇನ್ನೊಂದಿಲ್ಲ. ಇಲ್ಲಿ ತಲೆ ಎಣಿಸಿದ್ದು 2011ರ ಜನಗಣತಿಯಲ್ಲಿ. ಆಗ ಪಾಲಿಕೆ ವ್ಯಾಪ್ತಿಯಲ್ಲಿ ಸುಮಾರು 84 ಲಕ್ಷ ಜನ. 2021ರ ಗಣತಿ ಮುಂದೆ ಹೋಗಿ, ಈಗ 2027ಕ್ಕೆ ನಿಗದಿಯಾಗಿದೆ. ಅಲ್ಲಿಯವರೆಗೆ ಲಕ್ಷ ಜನರಿಗೆ ಇಷ್ಟು ಡೆಂಗಿ ಎಂದು ಯಾರು ಹೇಳಿದರೂ ಅದರ ಕೆಳಗಿನ ಸಂಖ್ಯೆ ಅಂದಾಜು. ಮೇಲಾಗಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. 198 ವಾರ್ಡ್‌ಗಳ ಕಾಲದ ಅಂಕಿಗಳನ್ನು ಹೊಸ ಗಡಿಗಳ ಅಂಕಿಗಳ ಪಕ್ಕದಲ್ಲಿಟ್ಟು ಏರಿತು ಇಳಿಯಿತು ಎನ್ನುವ ಮೊದಲು, ಗೆರೆ ಎಲ್ಲಿ ಸರಿದಿದೆ ನೋಡಬೇಕು. ರೋಗ ಸರಿಯದೆ ಗೆರೆ ಮಾತ್ರ ಸರಿದಿರಬಹುದು.

ಇದನ್ನು ಶಿಸ್ತಾಗಿ ನಿಭಾಯಿಸುವುದು ಹೇಗೆ ಎಂದು ನೋಡಬೇಕಾದರೆ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿಯನ್ನು ನೋಡಬೇಕು. 1982ರಿಂದ ನಡೆಯುತ್ತಿದೆ. ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ, ಲ್ಯಾಬ್‌ನಿಂದ ಲ್ಯಾಬ್‌ಗೆ ಹೋಗಿ ಪ್ರಕರಣಗಳನ್ನು ಬರೆದುಕೊಳ್ಳುತ್ತಾರೆ. ರಾಯಚೂರಿನಿಂದ ಚಿಕಿತ್ಸೆಗೆ ಬಂದು ಸಂಬಂಧಿಕರ ಮನೆಯಲ್ಲಿ ಉಳಿದವರು ಬೆಂಗಳೂರಿನ ಲೆಕ್ಕಕ್ಕೆ ಸೇರುವುದಿಲ್ಲ. ಕನಿಷ್ಠ ಒಂದು ವರ್ಷ ಇಲ್ಲಿ ವಾಸವಿದ್ದರೆ ಮಾತ್ರ. ಆ ಒಂದು ವರ್ಷದ ನಿಯಮ ಇಲ್ಲದಿದ್ದರೆ ರಾಜ್ಯದ ಕ್ಯಾನ್ಸರ್ ಎಲ್ಲ ಬೆಂಗಳೂರಿನ ನೀರು ಗಾಳಿಯ ತಲೆಗೆ ಬರುತ್ತಿತ್ತು. ಯಲಹಂಕದಲ್ಲಿ ಜಾನುವಾರು ರೋಗಗಳ ಎಪಿಡೆಮಿಯಾಲಜಿಗೆಂದೇ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆ ಇದೆ. ಇವೆಲ್ಲ ಒಂದು ಬಿಎಂಟಿಸಿ ಬಸ್ಸಿನ ದೂರದಲ್ಲಿವೆ. ಆನ್‌ಲೈನ್ ಓದುವವರು ತಮ್ಮ ಪ್ರಾಜೆಕ್ಟ್‌ಗೆ ವಿದೇಶದ ಡೇಟಾಸೆಟ್ ಇಳಿಸಿಕೊಳ್ಳುವ ಮೊದಲು ಇವುಗಳ ಪ್ರಕಟಿತ ವರದಿಗಳನ್ನಾದರೂ ತೆರೆದು ನೋಡಬೇಕು.

ಸರ್ಟಿಫಿಕೇಟಿನ ಬಗ್ಗೆ ಚುಟುಕಾಗಿ. ತಿಳಿದುಕೊಳ್ಳಲು ಮಾತ್ರ ಓದುವುದಾದರೆ ಚೆನ್ನೈನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಪಿಡೆಮಿಯಾಲಜಿ ಐಐಟಿಗಳ ಆನ್‌ಲೈನ್ ಪಾಠಗಳ ವೇದಿಕೆಯಾದ ಎನ್‌ಪಿಟೆಲ್‌ನಲ್ಲಿ ನಡೆಸಿರುವ ಹೆಲ್ತ್ ರಿಸರ್ಚ್ ಫಂಡಮೆಂಟಲ್ಸ್ ಎಂಬ ಕೋರ್ಸ್‌ನಿಂದ ಶುರುಮಾಡಿ. ಎನ್‌ಪಿಟೆಲ್ ಪಾಠಗಳು ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ, ಅದನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಲಂಡನ್ ಸ್ಕೂಲ್ ಆಫ್ ಹೈಜೀನ್‌ನ ದೂರಶಿಕ್ಷಣದ ಎಂಎಸ್ಸಿ ಗಟ್ಟಿ ಓದು, ಖರ್ಚು ಲಕ್ಷಗಳಲ್ಲಿ. ಕೆಲಸ ಬದಲಾಯಿಸಲೆಂದೇ ಓದುವವರು ಮಾತ್ರ ದುಡ್ಡು ಕಟ್ಟುವ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಬೇಕು: ನಿಮಗೆ ಬೇಕಾದ ಹುದ್ದೆಯ ಹಿಂದಿನ ಅಧಿಸೂಚನೆಯಲ್ಲಿ ಕೇಳಿದ್ದ ಅರ್ಹತೆ ಏನು, ಈ ಪದವಿಗೆ ಇಲ್ಲಿ ಮಾನ್ಯತೆ ಇದೆಯೇ. ಎರಡನೆಯದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. 2025ರಲ್ಲಿ ಯುಜಿಸಿ, ವೈದ್ಯಕೀಯಕ್ಕೆ ಪೂರಕವಾದ ವೃತ್ತಿಗಳಿಗೆಂದು ಬಂದ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ವ್ಯಾಪ್ತಿಯ ಕೋರ್ಸ್‌ಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ನಡೆಸಬಾರದೆಂದು ವಿಶ್ವವಿದ್ಯಾಲಯಗಳಿಗೆ ಹೇಳಿತು. ಸೈಕಾಲಜಿ, ಮೈಕ್ರೊಬಯಾಲಜಿ, ಬಯೊಟೆಕ್ನಾಲಜಿ ಆ ಪಟ್ಟಿಯಲ್ಲಿದ್ದವು. ನಿಯಮ ಹೀಗೆ ಬದಲಾಗುವಾಗ ಕಾಲ್ ಸೆಂಟರಿನವರ ಬಾಯಿಮಾತು ಉಪಯೋಗಕ್ಕೆ ಬರುವುದಿಲ್ಲ.

ಕೆಲಸದಲ್ಲಿರುವವರಿಗೆ ಸರಿಯಾದ ಮಾದರಿ ಯಾವುದು ಎಂದು ಕೇಳಿದರೆ ನಾನು ಅದೇ ಚೆನ್ನೈ ಸಂಸ್ಥೆಯ ಫೀಲ್ಡ್ ಎಪಿಡೆಮಿಯಾಲಜಿ ತರಬೇತಿಯನ್ನು ತೋರಿಸುತ್ತೇನೆ. ಎರಡು ವರ್ಷ. ತರಗತಿಗೆ ಚೆನ್ನೈಗೆ ಹೋಗಿ ಬರುವುದು ಕೆಲವು ಅವಧಿಗೆ, ಹೆಚ್ಚಿನ ಹೊತ್ತು ತಮ್ಮ ಜಿಲ್ಲೆಯಲ್ಲೇ, ತಮ್ಮ ಕೆಲಸದಲ್ಲೇ. ಅಲ್ಲಿ ಬಂದ ರೋಗವನ್ನೇ ತನಿಖೆ ಮಾಡಿ ಅದನ್ನೇ ಪಾಠವಾಗಿ ಬರೆಯಬೇಕು. ಉದ್ಯೋಗ ಓದಿಗೆ ಅಡ್ಡಿಯಲ್ಲ, ಉದ್ಯೋಗವೇ ಪ್ರಯೋಗಶಾಲೆ. ನಮ್ಮ ಖಾಸಗಿ ಆನ್‌ಲೈನ್ ಕೋರ್ಸ್‌ಗಳು ವಿಡಿಯೊಗಳಿಗೆ ಸುರಿಯುವ ದುಡ್ಡಿನಲ್ಲಿ ಅರ್ಧವನ್ನು, ವಿದ್ಯಾರ್ಥಿ ತಂದ ಹತ್ತು ಪುಟದ ತಪ್ಪು ತುಂಬಿದ ಡೇಟಾವನ್ನು ಓದಿ ತಿದ್ದುವ ಒಬ್ಬ ಗುರುವಿಗೆ ಕೊಟ್ಟರೆ ಸಾಕು.

ಅಂಥ ಗುರು ನನಗೆ ಸಿಕ್ಕಿದ್ದರು. ಕಾಮಾಕ್ಷಿಪಾಳ್ಯದ ಹತ್ತಿರ ಒಂದು ಬೀದಿ, ವಠಾರಗಳೂ ಸೇರಿ 40 ಮನೆ. ಹಿಂದಿನ ಹದಿನೈದು ದಿನದಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತೇ ಎಂದು ಕೇಳಿ ಬರಬೇಕು, ಕಲಿಕೆಗಾಗಿ ಮಾತ್ರ, ಹೆಸರು ಬರೆದುಕೊಳ್ಳದೆ. ಬುಧವಾರ ರಜೆ ಹಾಕಿ ಬೆಳಿಗ್ಗೆ ಹನ್ನೊಂದಕ್ಕೆ ಹೋದೆ. 13 ಮನೆಗೆ ಬೀಗ. ತೆರೆದಿದ್ದ 27 ಮನೆಗಳಲ್ಲಿ ವಯಸ್ಸಾದವರು, ಬಾಣಂತಿಯರು, ಶಾಲೆಗೆ ಹೋಗದ ಮಕ್ಕಳು. 3 ಮನೆಯಲ್ಲಿ ಜ್ವರ. 27ಕ್ಕೆ 3 ಎಂದು ಬರೆದು ಕಳಿಸಿದೆ. ಎರಡು ದಿನಕ್ಕೆ ಮರಳಿ ಬಂದ ಕಡತದ ಅಂಚಿನಲ್ಲಿ ಗುರುಗಳ ಒಂದೇ ಸಾಲು: ಬೀಗ ಹಾಕಿದ ಮನೆಗಳಲ್ಲಿ ಯಾರಿದ್ದಾರೆ?

ಗಂಡ ಹೆಂಡತಿ ಇಬ್ಬರೂ ಗಾರ್ಮೆಂಟ್ಸ್‌ಗೋ ಪೀಣ್ಯದ ಕಾರ್ಖಾನೆಗೋ ಹೋಗುವ ಮನೆಗಳು ಅವು. ನನ್ನ ಹಾಗೆ ದುಡಿಯುವವರು. ಭಾನುವಾರ ಏಳೂವರೆಗೆ ಮತ್ತೆ ಹೋದೆ. ಅಂದು ನೀರು ಬಿಡುವ ದಿನ, ಬೀದಿಯುದ್ದಕ್ಕೂ ನೀಲಿ ಡ್ರಮ್‌ಗಳು. 13ರಲ್ಲಿ 11 ಬಾಗಿಲು ತೆರೆದವು. ಮೂರನೆಯ ಮನೆಯಲ್ಲಿ ಒಬ್ಬ ಹೆಂಗಸು ಡ್ರಮ್ಮಿಗೆ ಪೈಪ್ ಇಳಿಬಿಟ್ಟುಕೊಂಡೇ ನನ್ನ ಪ್ರಶ್ನೆ ಕೇಳಿಸಿಕೊಂಡಳು. ಆಮೇಲೆ ತಾನೇ ಒಂದು ಪ್ರಶ್ನೆ ಕೇಳಿದಳು.

“ಜ್ವರ ಅಂದ್ರೆ ಯಾವ್ದು? ಮಲಗೋ ಜ್ವರಾನಾ, ಕೆಲಸಕ್ಕೆ ಹೋಗೋ ಜ್ವರಾನಾ?”

ನನ್ನ ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಎರಡೂ ಹೇಳಿ ಅಂದೆ. ಮಲಗುವ ಜ್ವರ ಯಾರಿಗೂ ಬಂದಿರಲಿಲ್ಲ. ಮಾತ್ರೆ ನುಂಗಿ ಕೆಲಸಕ್ಕೆ ಹೋದ ಜ್ವರ ಅವಳಿಗೆ ನಾಲ್ಕು ದಿನ, ಗಂಡನಿಗೆ ಮೂರು ದಿನ. ರಜೆ ಹಾಕಿದರೆ ಹಾಜರಾತಿ ಬೋನಸ್ ಹೋಗುತ್ತದೆ. ಲ್ಯಾಬ್‌ಗೆ ಬರುವ ಮಾತೇ ಇಲ್ಲ. ಗೋಡೆಗೆ ಒರಗಿ ನಿಂತು ಫಾರಂನಲ್ಲಿ ಕೈಯಿಂದಲೇ ಇನ್ನೊಂದು ಕಾಲಂ ಎಳೆದೆ. ಉಳಿದ ಮನೆಗಳಲ್ಲಿ ಎರಡೂ ಬಗೆಯ ಜ್ವರ ಕೇಳಿದೆ. ಬುಧವಾರ ಒಂದೇ ಜ್ವರ ಕೇಳಿ ಬಂದಿದ್ದ 27 ಮನೆಗಳಿಗೆ ಅದೇ ಸಂಜೆ ಮತ್ತೆ ಹೋದೆ.